ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಅಂಬಾಸಿಡರ್ ಸ್ಟಾರ್ಟ್ ಆಗದಿದ್ದರೆ

ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸರಣಿಯದು. ಸ್ಪಾರ್ಕ್ ಹುಟ್ಟಿಸಲು ಹಳೆಯ ಪದ್ಧತಿಯ ಪಾಯಿಂಟ್ (ಕರೆಂಟ್ ಕಡಿದು ಕೂಡಿಸುವ ಸಣ್ಣ ಸ್ವಿಚ್), ಕಂಡೆನ್ಸರ್ ಇದ್ದಾಗ ಬ್ಯಾಟರಿ ಅರ್ಧ ಇಳಿದಿದ್ದರೂ ಹೇಗೋ ಹಿಡಿದುಕೊಳ್ಳುತ್ತಿತ್ತು. ಅದೇ ಗಾಡಿಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್, ಹೊಸ ಪೇಂಟ್ ಎಲ್ಲ ಒಟ್ಟಿಗೇ ಆದ ಮೇಲೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಬೈಗುಳ ತಿನ್ನುವುದು ಪಾಯಿಂಟ್ ಜಾಗಕ್ಕೆ ಬಂದ ಹೊಸ ಇಗ್ನಿಷನ್ ಮಾಡ್ಯೂಲ್. ಹೆಚ್ಚಿನ ಸಲ ಅದು ಚೆನ್ನಾಗಿಯೇ ಇರುತ್ತದೆ, ಅದಕ್ಕೆ ತಲುಪುವ ವೋಲ್ಟೇಜ್ ಸಾಲದೆ ಇರುತ್ತದೆ.

ಆದ್ದರಿಂದ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸ್ಪ್ಯಾನರ್ ಅಲ್ಲ, ಮಲ್ಟಿಮೀಟರ್. ಅದರ ಕೆಂಪು ಕಡ್ಡಿಯನ್ನು ಮಾಡ್ಯೂಲ್‌ನ ಕೆಂಪು ವೈರ್ ಸೇರುವ ಜಾಗಕ್ಕೆ, ಕಪ್ಪು ಕಡ್ಡಿಯನ್ನು ಡೆಲ್ಕೊದ (ಪ್ಲಗ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್) ಮೈಗೆ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಕೀ ಆನ್ ಮಾಡಿದಾಗ 12 ವೋಲ್ಟ್ ತೋರಿಸಿದರೆ ಸಾಲದು, ಸೆಲ್ಫ್ ತಿರುಗುವಾಗಲೂ ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಬಿದ್ದರೆ ಅದೇ ಹೊತ್ತಿನಲ್ಲಿ ಬ್ಯಾಟರಿಯ ಕಂಬಗಳ ಮೇಲೂ ಅಳೆಯಿರಿ. ಅಲ್ಲೂ ಕಡಿಮೆ ಇದ್ದರೆ ಬ್ಯಾಟರಿ ಸೋತಿದೆ. ಅಲ್ಲಿ ಸರಿಯಿದ್ದು ಮಾಡ್ಯೂಲ್ ಬಳಿ ಮಾತ್ರ ಕಡಿಮೆ ಬಂದರೆ ದಾರಿಯಲ್ಲೆಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ: ಹಳೆಯ ಇಗ್ನಿಷನ್ ಸ್ವಿಚ್, ಹಸಿರುಗಟ್ಟಿದ ಟರ್ಮಿನಲ್, ಇಲ್ಲವೇ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬಲಾಸ್ಟ್ ರೆಸಿಸ್ಟರ್. ಬಲಾಸ್ಟ್ ಇರುವ ಗಾಡಿಯಲ್ಲಿ ಕೆಂಪು ವೈರನ್ನು ಕಾಯಿಲ್‌ನ (ಸ್ಪಾರ್ಕ್‌ಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ) ಪ್ಲಸ್‌ಗೆ ಕೊಟ್ಟುಬಿಡುವುದು ತೀರಾ ಸಾಮಾನ್ಯ ತಪ್ಪು. ಅದು ಬಲಾಸ್ಟ್‌ಗಿಂತ ಮುಂಚಿನ, ಪೂರ್ತಿ 12 ವೋಲ್ಟ್ ಬರುವ ತುದಿಗೆ ಹೋಗಬೇಕು.

ಅರ್ತ್ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಎಂಜಿನ್, ಚಾಸಿಗೆ ಹೊಸ ಪೇಂಟ್ ಹೊಡೆದವರು ಅರ್ತ್ ಪಟ್ಟಿಯನ್ನು ಆ ಪೇಂಟ್ ಮೇಲೆಯೇ ಬಿಗಿದಿರುತ್ತಾರೆ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಅನುಮಾನವಿದ್ದರೆ ಒಂದು ಜಂಪರ್ ಕೇಬಲನ್ನು ಬ್ಯಾಟರಿಯ ಅರ್ತ್ ಕಂಬದಿಂದ ನೇರ ಎಂಜಿನ್ ಬ್ಲಾಕ್‌ಗೆ ಹಾಕಿ ನೋಡಿ. ಸೆಲ್ಫ್ ಚುರುಕಾದರೆ ರೋಗ ಸಿಕ್ಕಿತು. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತಿದ್ದರಂತೂ ಪರೀಕ್ಷೆಯೇ ಬೇಡ, ಕರೆಂಟ್ ಅದರ ಮೂಲಕ ದಾರಿ ಹುಡುಕಿಕೊಂಡಿದೆ.

ಡೆಲ್ಕೊದ ಒಳಗೂ ಒಂದು ಅರ್ತ್ ಇದೆ. ಪಾಯಿಂಟ್ ಕೂರುವ ತಟ್ಟೆಯಿಂದ ಡೆಲ್ಕೊದ ಮೈಗೆ ಬರುವ ಸಣ್ಣ ಹೆಣೆದ ವೈರ್ ಅದು. ಪಾಯಿಂಟ್ ತೆಗೆಯುವಾಗ ಬೇಡದ್ದೆಂದು ಇದನ್ನೂ ಕಿತ್ತುಹಾಕುವವರಿದ್ದಾರೆ. ಮಾಡ್ಯೂಲ್‌ಗೆ ಅರ್ತ್ ಸಿಗುವುದು ಆ ತಟ್ಟೆಯಿಂದಲೇ. ವೈರ್ ಇಲ್ಲದಿದ್ದರೆ ಸ್ಪಾರ್ಕ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಹಾಗೆಯೇ ಮಾಡ್ಯೂಲ್ ಜೊತೆ ಬರುವ ಅಯಸ್ಕಾಂತದ ಉಂಗುರವನ್ನು ಡೆಲ್ಕೊದ ನಡುವೆ ತಿರುಗುವ ಕ್ಯಾಮ್ ಮೇಲೆ ಪೂರ್ತಿ ಒತ್ತಿ ಕೂರಿಸಿ. ಅದು ಎತ್ತರದಲ್ಲಿ ನಿಂತರೆ ಅದರ ಮೇಲೆ ಕೂತು ಸುತ್ತುತ್ತ ಸ್ಪಾರ್ಕ್ ಹಂಚುವ ರೋಟರ್ ಕೂಡ ಎತ್ತರವಾಗಿ ಕ್ಯಾಪ್‌ಗೆ ತಾಗುತ್ತದೆ.

ಕಾಯಿಲ್‌ನ ವೈರ್‌ಗಳನ್ನು ಬಿಚ್ಚಿ ಪ್ಲಸ್, ಮೈನಸ್ ನಡುವೆ ಓಮ್ ಅಳೆಯಿರಿ. ಬಲಾಸ್ಟ್ ಇಲ್ಲದ ಗಾಡಿಗೆ ಸುಮಾರು 3 ಓಮ್ ಇರಬೇಕು. ಬಲಾಸ್ಟ್‌ನೊಂದಿಗೆ ಬಳಸುವ 1.5 ಓಮ್ ಕಾಯಿಲನ್ನು ನೇರ 12 ವೋಲ್ಟ್‌ಗೆ ಕೊಟ್ಟರೆ ಕಾಯಿಲ್ ಕಾಯುತ್ತದೆ, ಮಾಡ್ಯೂಲ್ ಸುಡುತ್ತದೆ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಗಂಟೆಗಟ್ಟಲೆ ವೈರ್ ಹುಡುಕುವುದೂ ಹಲವು ಮಾಡ್ಯೂಲ್‌ಗಳಿಗೆ ಮಾರಕ. ಪ್ಲಸ್ ಅರ್ತ್ ಇರುವ, ಅಂದರೆ ಬ್ಯಾಟರಿಯ ಪ್ಲಸ್ ಕಂಬವೇ ಗಾಡಿಯ ಮೈಗೆ ಸೇರಿರುವ, ತುಂಬಾ ಹಳೆಯ ಗಾಡಿಗೆ ಮೈನಸ್ ಅರ್ತ್ ಮಾಡ್ಯೂಲ್ ಹಾಕಿದ್ದರೆ ಮೊದಲ ಕೀಗೇ ಅದರ ಕಥೆ ಮುಗಿದಿರುತ್ತದೆ.

ಸ್ಪಾರ್ಕ್ ನೋಡಲು ಬೇರೊಂದು ಪ್ಲಗ್ಗನ್ನು ಬ್ಲಾಕ್‌ಗೆ ಒತ್ತಿ ಹಿಡಿಸಿ, ಸುತ್ತ ಪೆಟ್ರೋಲ್ ಆವಿ ಇರಬಾರದು. ಪ್ಲಗ್ ವೈರನ್ನು ಗಾಳಿಯಲ್ಲಿ ತೂಗುಬಿಡಬೇಡಿ.

ಸ್ಪಾರ್ಕ್ ಇದ್ದೂ ಕಾರ್ಬ್ಯುರೇಟರ್ ಕಡೆಯಿಂದ ಢಬ್ ಎಂದರೆ ಟೈಮಿಂಗ್ ತಪ್ಪಿದೆ, ಅಂದರೆ ಸ್ಪಾರ್ಕ್ ಸರಿಯಾದ ಹೊತ್ತಿಗೆ ಬರುತ್ತಿಲ್ಲ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಸಿಗುವ ಸರದಿ) 1-3-4-2, ರೋಟರ್ ಮೇಲಿನಿಂದ ನೋಡಿದಾಗ ಎಡಕ್ಕೆ ಸುತ್ತುತ್ತದೆ, 1ನೇ ಸಿಲಿಂಡರ್ ರೇಡಿಯೇಟರ್ ಬದಿಯದು. ಡೆಲ್ಕೊದ ಬುಡ ಒಂದೇ ರೀತಿ ಕೂರುವಂತಿದ್ದರೂ, ಎಂಜಿನ್ ಬಿಚ್ಚಿ ಕಟ್ಟಿದಾಗ ಅದರ ಕೆಳಗಿನ ಡ್ರೈವ್ ಗೇರ್ 180 ಡಿಗ್ರಿ ತಿರುಗಿ ಕೂತಿರಬಹುದು. ಟ್ಯಾಪೆಟ್ ಕವರ್ ತೆಗೆದು, ಪುಲ್ಲಿಯ ಗುರುತು ಹೊಂದಿದಾಗ 1ರ ಎರಡೂ ರಾಕರ್ (ವಾಲ್ವ್ ಒತ್ತುವ ತೋಳುಗಳು) ಸಡಿಲ ಇವೆಯೇ ನೋಡಿ. ರೋಟರ್ ಆಗ 1ರ ವೈರಿಗೆ ಮುಖ ಮಾಡಿರಬೇಕು. 4ರ ಕಡೆ ನೋಡುತ್ತಿದ್ದರೆ ಗೇರ್ ಬಿಚ್ಚುವ ಶ್ರಮ ಬೇಡ, ಕ್ಯಾಪ್‌ನಲ್ಲಿ ನಾಲ್ಕೂ ವೈರ್‌ಗಳನ್ನು ಎರಡೆರಡು ಮನೆ ಸರಿಸಿದರೆ ಸಾಕು. ಕವರ್ ತೆಗೆದಿದ್ದೀರಲ್ಲ, ಟ್ಯಾಪೆಟ್ ಗ್ಯಾಪನ್ನೂ (ರಾಕರ್, ವಾಲ್ವ್ ನಡುವಿನ ಸಂದು) ಅಳೆದುಬಿಡಿ: ಎಂಜಿನ್ ತಣ್ಣಗಿರುವಾಗ 0.015 ಇಂಚು. ಹೆಡ್ ಕೆಲಸವಾದ ಮೇಲೆ ಬಿಗಿಯಾದ ಟ್ಯಾಪೆಟ್ ಕಂಪ್ರೆಷನ್ ತಿನ್ನುತ್ತದೆ.

ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಹೊಸ ಪಂಪ್ ನೋಡಿ. ಎಂಜಿನ್ನೇ ಓಡಿಸುವ ಹಳೆಯ ಎ.ಸಿ. ಬ್ರಾಂಡಿನ ಪಂಪ್‌ನ ಒತ್ತಡ ಕೆಲವೇ ಪಿಎಸ್ಐ. ಅಂಗಡಿಯ ಎಲೆಕ್ಟ್ರಿಕ್ ಪಂಪ್ 5–6 ಕೊಟ್ಟರೆ ಕಾರ್ಬ್ಯುರೇಟರ್‌ನ ಸೂಜಿ ವಾಲ್ವ್ ತಡೆಯಲಾರದು. ರೆಗ್ಯುಲೇಟರ್ ಹಾಕಿ 2.5ರ ಆಸುಪಾಸಿಗೆ ಇಳಿಸಿ. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಫ್ಲಡ್ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಮ್ಮೆಗೆ 10 ಸೆಕೆಂಡ್ ಮೀರದಂತೆ ಸೆಲ್ಫ್ ಹೊಡೆಯಿರಿ.

ಇಷ್ಟಾದರೂ ಗೊಂದಲ ಉಳಿದರೆ ಹಳೆಯ ಪಾಯಿಂಟ್ ತಟ್ಟೆಯನ್ನೇ ಕೂರಿಸಿ, 0.015 ಇಂಚು ಗ್ಯಾಪ್ ಇಟ್ಟು ನೋಡಿ. ಬಲಾಸ್ಟ್ ಬೈಪಾಸ್ ಆಗಿದ್ದರೆ ಮತ್ತೆ ಮೊದಲಿನಂತೆ ಜೋಡಿಸಿಯೇ ನೋಡಬೇಕು. ಸ್ಟಾರ್ಟ್ ಆದರೆ ಪೆಟ್ರೋಲ್, ಕಂಪ್ರೆಷನ್ ಎರಡರ ಮೇಲಿನ ಅನುಮಾನವನ್ನೂ ಬಿಟ್ಟುಬಿಡಿ. ಮುಂದೆ ಮಾಡ್ಯೂಲ್ ಹಾಕಿದಾಗ ಟೈಮಿಂಗ್ ಲೈಟ್ ಹಿಡಿದು ಹೊಸದಾಗಿ ಸೆಟ್ ಮಾಡಿ. ಪಾಯಿಂಟ್ ತೆರೆಯುವ ಜಾಗ, ಮಾಡ್ಯೂಲ್ ಕೆಲಸ ಮಾಡುವ ಜಾಗ ಒಂದೇ ಆಗಿರುವುದಿಲ್ಲ.