ಗಾಳಿ ಅಳೆದು ಮಣ್ಣಿನ ವಿಷ ತಿಳಿಯುವ ಲೆಕ್ಕ

ಶಿಕಾಗೋದಲ್ಲಿ ಆಸ್ತಮಾ ಇರುವ ಮಕ್ಕಳಿಗೆ ಔಷಧಿ ಕೊಡಲು ಶಾಲೆಯಿಂದ ಶಾಲೆಗೆ ಹೋಗುವ ಕ್ಲಿನಿಕ್ ವ್ಯಾನುಗಳಿದ್ದವು. 2006ರ ಕೊನೆಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಕೆರಿ ಹಾರ್ನ್‌ಬಕಲ್ ಅವರ ತಂಡ ಆ ವ್ಯಾನುಗಳಿಗೆ ಗಾಳಿ ಎಳೆಯುವ ಪಂಪು ಕಟ್ಟಿ ಅಳತೆ ಶುರು ಮಾಡಿತು. ಮೊದಲು ಒಂದು ಫಿಲ್ಟರ್ ದೂಳನ್ನು ತಡೆಯುತ್ತಿತ್ತು. ಅದರ ಹಿಂದೆ ತುಂಬಿದ ರಾಳದ ಸಣ್ಣ ಕಾಳುಗಳು ಆವಿಯನ್ನು ಹಿಡಿಯುತ್ತಿದ್ದವು. ಅವರು ಹುಡುಕುತ್ತಿದ್ದದ್ದು ಪಿಸಿಬಿ.

ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಅಂದರೆ ಒಂದಲ್ಲ, 209 ರಾಸಾಯನಿಕಗಳ ಕುಟುಂಬ. ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ ಅಂತ ಇದನ್ನು ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಿಗೆ ತುಂಬಿದರು. ಕಟ್ಟಡದ ಸಂದಿಗೆ ಮೆತ್ತುವ ಅಂಟಿಗೂ ಬೆರೆಸಿದರು. ಅಮೆರಿಕ 1979ರಲ್ಲಿ ತಯಾರಿಕೆ ನಿಷೇಧಿಸಿತು. 'ನಿಷೇಧ ಆಯ್ತಲ್ಲ, ಇನ್ನೇನು?' ಅನ್ನುವವರಿದ್ದಾರೆ. ಈ ಮಾತಿಗೆ ಸುಮ್ನಿರಲು ನನಗಾಗುವುದಿಲ್ಲ. ನಿಷೇಧಕ್ಕೆ ಮೊದಲೇ ಅದು ಎಲ್ಲೆಡೆ ಹರಡಿಯಾಗಿತ್ತು. ಸ್ವೀಡನ್ನಿನ ಸೋರೆನ್ ಯೆನ್ಸನ್ ಡಿಡಿಟಿ ಹುಡುಕುತ್ತಿದ್ದಾಗ ಗುರುತು ಸಿಗದ ವಸ್ತುಗಳು ಮತ್ತೆ ಮತ್ತೆ ಕಂಡವು. ಅವು ಪಿಸಿಬಿ ಎಂದು 1966ರಲ್ಲಿ ಹೇಳಿದರು. ಹದ್ದಿನ ದೇಹದಲ್ಲಿ ಇತ್ತು. ತಮ್ಮ ಹೆಂಡತಿಯ, ಹಸುಗೂಸು ಮಗಳ ಕೂದಲಲ್ಲೂ ಇತ್ತು. ಟ್ರಾನ್ಸ್‌ಫಾರ್ಮರ್ ಹತ್ತಿರವೂ ಸುಳಿಯದ ಕೂಸು ಅದು!

ಮಣ್ಣು ಅಗೆದು ಪರೀಕ್ಷಿಸಿದರೆ ಆಯಾ ಗುಂಡಿಯ ವಿಷಯ ಮಾತ್ರ ತಿಳಿಯುತ್ತದೆ. ನಾಲ್ಕು ಹೆಜ್ಜೆ ಆಚೆ ಅಗೆದರೆ ಬೇರೆಯದೇ ಸಂಖ್ಯೆ. ಗಾಳಿ ಹಾಗಲ್ಲ, ಇಡೀ ಬಡಾವಣೆಯದ್ದನ್ನು ಕಲಸಿ ತರುತ್ತದೆ. ಅದರಿಂದ ಮಣ್ಣಿನ ಲೆಕ್ಕ ಹೇಗೆ ಬರುತ್ತದೆ ಅನ್ನುವುದೇ ನನಗೆ ಬಹಳ ಇಷ್ಟವಾದ ಸಂಗತಿ.

ಸೀರೆ ಇಡುವ ಬೀರುವಿಗೆ ನುಸಿಗುಳಿಗೆ ಹಾಕಿ. ಮೊದಮೊದಲು ವಾಸನೆ ಗುಳಿಗೆಯಿಂದ ಸೀರೆಗೆ ಹೋಗುತ್ತದೆ. ಗುಳಿಗೆ ಕರಗಿ ಮುಗಿದ ಮೇಲೆ ಸೀರೆಯೇ ವಾಸನೆ ಬಿಡುತ್ತದೆ, ಅಲ್ವಾ? ದಶಕಗಟ್ಟಲೆ ಪಿಸಿಬಿ ಹೀರಿಕೊಂಡ ನಗರದ ಮಣ್ಣು ಈಗ ಅದನ್ನು ಗಾಳಿಗೆ ಬಿಡುತ್ತಿರುವುದೂ ಹೀಗೆಯೇ. ಒಂದು ವಸ್ತು ತಾನಿರುವ ಜಾಗ ಬಿಟ್ಟು ಹೊರಡಲು ಎಷ್ಟು ಒತ್ತುತ್ತಿದೆ ಅನ್ನುವ ಅಳತೆಗೆ ಫ್ಯುಗಾಸಿಟಿ ಎನ್ನುತ್ತಾರೆ. ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1901ರಲ್ಲಿ ಕೊಟ್ಟ ಈ ಕಲ್ಪನೆಯನ್ನು 1979ರಲ್ಲಿ ಕೆನಡಾದ ಡೊನಾಲ್ಡ್ ಮೆಕೇ ಪರಿಸರದ ಲೆಕ್ಕಕ್ಕೆ ತಂದರು. ಮಣ್ಣಿನ ಒತ್ತಡವೂ ಗಾಳಿಯ ಒತ್ತಡವೂ ಸಮವಾದಾಗ, ಒಂದರಲ್ಲಿ ಎಷ್ಟಿದೆ ಅಂತ ಗೊತ್ತಿದ್ದರೆ ಇನ್ನೊಂದನ್ನು ಗುಣಿಸಿ ತೆಗೆಯಬಹುದು.

209ರಲ್ಲಿ 28ನೇ ನಂಬರಿನದು, ಪಿಸಿಬಿ-28 ತೆಗೆದುಕೊಳ್ಳಿ. ಇದರಲ್ಲಿ 3 ಕ್ಲೋರಿನ್, ಹಗುರ ಜಾತಿ. ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ 25 ಡಿಗ್ರಿಯಲ್ಲಿ ಇದನ್ನು ಗಾಳಿಗಿಂತ ಸುಮಾರು 10 ಕೋಟಿ ಪಟ್ಟು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಲ್ಲಿ ಆ ಕೆಲಸ ಕೊಳೆತ ಎಲೆ, ಬೇರುಗಳ ಇಂಗಾಲದ್ದು. ಅದು ನೂರಕ್ಕೆ 2 ಪಾಲಿದೆ ಅಂದುಕೊಳ್ಳೋಣ. ಆಗ ಸುಮಾರು 800 ಘನ ಮೀಟರ್ ಗಾಳಿಯಲ್ಲಿರುವಷ್ಟು ಪಿಸಿಬಿ-28 ಒಂದೇ ಕಿಲೋ ಮಣ್ಣಲ್ಲಿ ಇರುತ್ತದೆ! ಗಾಳಿಯಲ್ಲಿ ಘನ ಮೀಟರಿಗೆ 100 ಪಿಕೋಗ್ರಾಂ (ಒಂದು ಪಿಕೋಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಸಿಕ್ಕರೆ ಕಿಲೋ ಮಣ್ಣಿಗೆ 80,000 ಪಿಕೋಗ್ರಾಂ. 7 ಕ್ಲೋರಿನ್ ಇರುವ ಪಿಸಿಬಿ-180ಕ್ಕೆ ಈ ಗುಣಕ ಇನ್ನೂ ನೂರು ಪಟ್ಟಿನ ಆಸುಪಾಸು ದೊಡ್ಡದು. ಅದು ಗಾಳಿಗೆ ಬರುವುದೇ ಅಪರೂಪ, ಹಾಗಾಗಿ ಗಾಳಿಯ ಅಳತೆಯಲ್ಲಿ ಸಣ್ಣ ತಪ್ಪಾದರೂ ಮಣ್ಣಿನ ಅಂದಾಜು ಬಹಳ ದೂರ ಹೋಗುತ್ತದೆ.

ತೊಡಕು ಇನ್ನೂ ಇದೆ. ಗಾಳಿಯ ಪಿಸಿಬಿ ಎಲ್ಲವೂ ಮಣ್ಣಿನದಲ್ಲ, ಹಳೇ ಕಟ್ಟಡದ ಅಂಟೂ ಆವಿ ಬಿಡುತ್ತದೆ. ಶಿಕಾಗೋ ಗಾಳಿಯಲ್ಲಿ ಪಿಸಿಬಿ-11 ಸಿಕ್ಕಿದ್ದು 2008ರಲ್ಲಿ ಪ್ರಕಟವಾಯಿತು. ಅದು ಟ್ರಾನ್ಸ್‌ಫಾರ್ಮರ್ ಎಣ್ಣೆಯ ಸಂತಾನವಲ್ಲ. ಹಳದಿ ಬಣ್ಣದ ಕೆಲವು ಪುಡಿಗಳನ್ನು ತಯಾರಿಸುವಾಗ ತಾನಾಗಿ ಹುಟ್ಟಿಕೊಳ್ಳುತ್ತದೆ. ಅಂದರೆ ನಿಷೇಧದ ನಂತರವೂ ಹೊಸದು ಬರುತ್ತಲೇ ಇದೆ. ಅದಕ್ಕೇ ಒಟ್ಟು ಮೊತ್ತ ನೋಡಿದರೆ ಸಾಲದು, 209ರಲ್ಲಿ ಯಾವುದು ಎಷ್ಟು ಅಂತ ಬಿಡಿಸಿ ನೋಡಬೇಕು.

ಭಾರತದಲ್ಲಿ 2016ರ ಆದೇಶ ಪಿಸಿಬಿ ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಹಾಕಿತು. ಹಳೇ ಎಣ್ಣೆಯ ವಿಲೇವಾರಿ ಯೋಜನೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೆ ದೊಡ್ಡ ಪಾಲಿದೆ. ಎಣ್ಣೆಯ ಜೊತೆಗೆ, ಟ್ರಾನ್ಸ್‌ಫಾರ್ಮರ್ ಬಿಚ್ಚುವ ಗುಜರಿ ಜಾಗಗಳ ಗಾಳಿಯನ್ನೂ ನೋಡಬೇಕು. ಪಂಪೂ ಬೇಡ, ಕರೆಂಟೂ ಬೇಡ. ಎರಡು ಸ್ಟೀಲ್ ಬೋಗುಣಿಗಳ ನಡುವೆ ಫೋಮಿನ ಬಿಲ್ಲೆ ಇಟ್ಟು ಕೆಲವು ವಾರ ನೇತುಹಾಕಿದರೆ ಸಾಕು. ಏಪ್ರಿಲ್ ಬಿಸಿಲಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ. ಬಿಸಿಲಿಗೆ ಮಣ್ಣು ಜಾಸ್ತಿ ಆವಿ ಬಿಡುತ್ತದೆ. ಎಲ್ಲಿ ಸಂಖ್ಯೆ ಏರುತ್ತದೋ ಅಲ್ಲಿ ಗುದ್ದಲಿ ಹಿಡಿದು ಮಣ್ಣು ತೆಗೆದು ನೋಡಬಹುದು.