ಹಂದಿ ಲಿವರ್ ಮೂರು ದಿನ ಓಡಿದ್ರೆ ಪಾಸಾಗಿದ್ದು ಮಶೀನು

ಕಳೆದ ತಿಂಗಳು ಒಂದು ಭಾನುವಾರ ತುಮಕೂರಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಅವರ ಅಳಿಯ ಲಿವರಿಗೆ ಕಾಯ್ತಾ ವೇಟಿಂಗ್ ಲಿಸ್ಟಲ್ಲಿದಾನೆ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯವರು ಕರೆಸಿ, ಬೆಳಗಾಗೋವರೆಗೂ ಕೂರಿಸಿ, ಆಮೇಲೆ ದಾನಿ ಲಿವರಲ್ಲಿ ಕೊಬ್ಬು ಜಾಸ್ತಿ ಇದೆ, ಹಾಕೋಕಾಗಲ್ಲ ಅಂತ ವಾಪಸ್ ಕಳಿಸಿದಾರೆ. "ನೀವು ಅಲ್ಲಿ ಹಂದಿ ಲಿವರನ್ನ ಮೂರು ದಿನ ಮಶೀನಲ್ಲಿ ಬದುಕಿಸಿ ಇಡ್ತೀರಂತಲ್ಲಮ್ಮ, ಹಂಗಿದ್ಮೇಲೆ ಇದನ್ನೂ ಮಶೀನಿಗೆ ಹಾಕಿ ಸರಿ ಮಾಡಿ ಕೊಡಬಹುದಿತ್ತಲ್ಲ?"

ನಾನು ಪಶುವೈದ್ಯೆ, ಹೆಬ್ಬಾಳದಲ್ಲಿ ಓದಿ ಈಗ ಇಂಗ್ಲೆಂಡಿನ ಒಂದು ಲ್ಯಾಬಲ್ಲಿ ಹಂದಿಗಳಿಗೆ ಅನಸ್ತೇಶಿಯಾ ಕೊಡೋದು, ತೆಗೆದ ಲಿವರನ್ನ ಮಶೀನಲ್ಲಿ ನೋಡ್ಕೊಳ್ಳೋದು ನನ್ನ ಕೆಲಸ. ನಿಮ್ಮ ಮನೆ ರೋಗಿಗೆ ಏನು ಮಾಡಬೇಕು ಅಂತ ನಿಮ್ಮ ಲಿವರ್ ಡಾಕ್ಟರೇ ಹೇಳಬೇಕು, ನಾನು ಹೇಳೋ ಹಾಗಿಲ್ಲ. ಆದ್ರೆ ಈ "ಮೂರು ದಿನ" ಅನ್ನೋ ಲೆಕ್ಕ ಎಷ್ಟು ಜನರ ಬಾಯಲ್ಲಿ ಕೇಳಿದೀನೋ, ಓದಿರೋ ಡಾಕ್ಟರ್‌ಗಳೂ ಕೇಳ್ತಾರೆ, ನಿಜ ಹೇಳ್ತೀನಿ ಸಾಕಾಗಿದೆ. ಎಷ್ಟು ಗಂಟೆ ಇಟ್ರಿ ಅಂತ ಎಲ್ರೂ ಕೇಳ್ತಾರೆ, ಯಾರ ಲಿವರ್ ಇಟ್ರಿ ಅಂತ ಒಬ್ರೂ ಕೇಳಲ್ಲ.

ನಮ್ಮ ಹತ್ರ ಬರೋ ಹಂದಿ ಎಳೇದು, ಆರೋಗ್ಯವಾಗಿರುತ್ತೆ, ಜನ್ಮದಲ್ಲಿ ಒಂದು ಗುಳಿಗೆ ನುಂಗಿರಲ್ಲ, ಒಂದು ಹನಿ ಕುಡಿದಿರಲ್ಲ. ಹಂದಿ ಅಂದ್ರೆ ಕೊಬ್ಬು ಅಂದ್ಕೊಂಡಿರ್ತೀವಿ, ಆದ್ರೆ ಅದರ ಕೊಬ್ಬು ಹೆಚ್ಚಾಗಿ ಚರ್ಮದ ಕೆಳಗೆ. ಮನುಷ್ಯರಲ್ಲಿ ಕೊಬ್ಬು ತಯಾರಾಗೋದು ಹೆಚ್ಚಾಗಿ ಲಿವರಲ್ಲಿ, ಹಂದಿಯಲ್ಲಿ ಆ ಕೊಬ್ಬಿನ ಪದರದಲ್ಲೇ, ಹಾಗಾಗಿ ಅದರ ಲಿವರ್ ತೆಳ್ಳಗೆ, ಚೊಕ್ಕಟವಾಗಿರುತ್ತೆ. ಬೆಳಕಿಗೆ ಹಿಡಿದು ನೋಡಿದ್ರೆ ಮೈಮೇಲೆಲ್ಲ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಮನೆಗಳು ಬರಿಗಣ್ಣಿಗೇ ಕಾಣ್ತವೆ, ಮನುಷ್ಯರ ಲಿವರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲ್ಲ. ಹಿಂದಿನ ದಿನ ಸಂಜೆ ಅದಕ್ಕೆ ಸೇಬು ತಿನ್ನಿಸಿ, ಕಿವಿ ಹಿಂದೆ ಕೆರೆದು ಬರ್ತೀನಿ. ಬೆಳಿಗ್ಗೆ ನಿದ್ದೆ ಇಂಜೆಕ್ಷನ್ ಕೊಟ್ಟ ಮೇಲೆ ಗೊರಕೆ ಹೊಡೆಯುತ್ತೆ, ಮತ್ತೆ ಎಚ್ಚರ ಆಗಲ್ಲ. ಇಷ್ಟು ವರ್ಷ ಆದ್ರೂ ಆ ಗೊರಕೆ ಕೇಳುವಾಗ ನನ್ನ ಕೈ ಒಂದು ಕ್ಷಣ ಅದರ ಮೇಲೇ ಇರುತ್ತೆ.

ಆಮೇಲೆ ಲಿವರ್ ತೆಗೆದು, ತಣ್ಣಗಿನ ದ್ರಾವಣದಲ್ಲಿ ತೊಳೆದು, ನಾಲ್ಕು ಟ್ಯೂಬ್ ಹಾಕ್ತೀವಿ. ಒಂದು ಹೆಪಾಟಿಕ್ ಆರ್ಟರಿಗೆ (ಹೃದಯದ ಕಡೆಯಿಂದ ಲಿವರಿಗೆ ರಕ್ತ ತರೋ ನಾಳ), ಒಂದು ಪೋರ್ಟಲ್ ವೇನಿಗೆ (ಕರುಳಿನ ಕಡೆಯಿಂದ ತರೋದು), ಒಂದು ರಕ್ತ ಹೊರಬರೋ ದೊಡ್ಡ ರಕ್ತನಾಳಕ್ಕೆ, ಒಂದು ಪಿತ್ತನಾಳಕ್ಕೆ. ಪಂಪು, ರಕ್ತಕ್ಕೆ ಆಮ್ಲಜನಕ ಸೇರಿಸೋ ಆಕ್ಸಿಜನೇಟರ್, 37 ಡಿಗ್ರಿ, ಅದೇ ಹಂದಿಯ ರಕ್ತ, ಅದು ಹೆಪ್ಪುಗಟ್ಟದ ಹಾಗೆ ಹೆಪಾರಿನ್, ಇನ್ಸುಲಿನ್, ಅಮೈನೋ ಆಸಿಡ್. ಪಂಪು ಶುರು ಮಾಡಿದಾಗ ಬೂದಿ ಬಣ್ಣಕ್ಕಿದ್ದ ಲಿವರ್ ಅಲ್ಲಲ್ಲಿ ತೇಪೆ ತೇಪೆಯಾಗಿ ಕೆಂಪಾಗ್ತಾ ಬಂದು ಕೆಲವೇ ನಿಮಿಷದಲ್ಲಿ ಪೂರ್ತಿ ಕಂದುಗೆಂಪು ತಿರುಗುತ್ತೆ, ಕೈಗೆ ಬೆಚ್ಚಗೆ ಹತ್ತುತ್ತೆ, ಸ್ವಲ್ಪ ಹೊತ್ತಲ್ಲಿ ನಾಲ್ಕನೇ ಟ್ಯೂಬಲ್ಲಿ ಹೊನ್ನಿನ ಬಣ್ಣದ ಪಿತ್ತ ಹನಿ ಹನಿಯಾಗಿ ಬರುತ್ತೆ. ಅರ್ಧ ಗಂಟೆಗೊಂದು ಸಲ ಬ್ಲಡ್ ಗ್ಯಾಸ್ ನೋಡ್ತೀವಿ, ರಕ್ತದಲ್ಲಿ ಸೇರೋ ಲ್ಯಾಕ್ಟೇಟನ್ನ ಖಾಲಿ ಮಾಡೋದು ಲಿವರಿನ ಕೆಲಸ, ಅದು ಇಳೀತಿದ್ರೆ ಲಿವರ್ ದುಡೀತಿದೆ ಅಂತ.

ಈಗ ನೋಡಿ, ಈ ಲಿವರ್ ಒಳ್ಳೇದು ಅಂತ ನಮಗೆ ಮೊದಲೇ ಗೊತ್ತು. ಗೊತ್ತಿಲ್ಲದೇ ಇರೋದು ಮಶೀನಿನ ವಿಷಯ. ಪಂಪು ರಕ್ತಕಣ ಒಡೀತಿದೆಯಾ, ಒತ್ತಡ ಸರಿ ಇದೆಯಾ, ಸಕ್ಕರೆ ಹಾಕಿದ್ದು ಜಾಸ್ತಿ ಆಯ್ತಾ. ಅಂದ್ರೆ ಹಂದಿ ಪ್ರಯೋಗದಲ್ಲಿ ಪರೀಕ್ಷೆಗೆ ಕೂತಿರೋದು ಮಶೀನು. ಆಸ್ಪತ್ರೆಯಲ್ಲಿ ಇದು ಪೂರ್ತಿ ಉಲ್ಟಾ, ಅಲ್ಲಿ ಮಶೀನು ಪಾಸಾಗಿ ಬಂದಿರುತ್ತೆ, ಪರೀಕ್ಷೆಗೆ ಕೂರೋದು ಲಿವರ್, ಅದೂ ಅರವತ್ತು ದಾಟಿದವರದ್ದೋ, ಶುಗರ್ ಇದ್ದವರದ್ದೋ, ಐಸಿಯುನಲ್ಲಿ ನಾಲ್ಕು ದಿನ ಬಿಪಿ ಬಿದ್ದು ಎದ್ದು ಒದ್ದಾಡಿದವರದ್ದೋ. ಒಂದೇ ಮಶೀನು, ಒಂದೇ 37 ಡಿಗ್ರಿ, ಆದ್ರೆ ಉತ್ತರ ಕೊಡಬೇಕಾದವರು ಬೇರೆ. ಚಿಕ್ಕಪ್ಪನಿಗೂ ಇದನ್ನೇ ಹೇಳಿದೆ, ಹೊಸ ಡ್ರೈವಿಂಗ್ ಸ್ಕೂಲಿನ ಕಾರನ್ನ ಒಳ್ಳೆ ಡ್ರೈವರ್ ಓಡಿಸಿ ನೋಡಿದ್ರೆ ಕಾರು ಚೆನ್ನಾಗಿದೆ ಅಂತ ಆಯ್ತು, ನಾಳೆ ಅದರಲ್ಲಿ ಕಲಿಯೋಕೆ ಬರೋನಿಗೆ ಲೈಸೆನ್ಸ್ ಸಿಕ್ಕಿಬಿಡುತ್ತಾ ಅಂತ.

ಒಂದು ರಾತ್ರಿ ನಮ್ಮ ಲ್ಯಾಬಲ್ಲಿ 19ನೇ ಗಂಟೆಯಲ್ಲಿ ಲಿವರ್ ಇದ್ದಕ್ಕಿದ್ದ ಹಾಗೆ ಊದೋಕೆ ಶುರುವಾಯ್ತು, ಮುಟ್ಟಿದ್ರೆ ಗಟ್ಟಿ, ಅಂಚೆಲ್ಲ ದಪ್ಪ. ರಕ್ತ ಹೊರಬರೋ ಟ್ಯೂಬು ಲಿವರಿನ ಭಾರಕ್ಕೇ ಒಂದು ಕಡೆ ಮಡಚಿಕೊಂಡಿತ್ತು, ಒಳಗೆ ಹೋಗೋದು ಹೋಗ್ತಾ ಇದೆ, ಹೊರಗೆ ಬರೋಕೆ ದಾರಿ ಇಲ್ಲ. ಬಿಡಿಸೋಷ್ಟರಲ್ಲಿ ತಡ ಆಗಿತ್ತು. ಅಷ್ಟು ಒಳ್ಳೆ ಲಿವರ್ ಒಂದು ಟ್ಯೂಬಿನ ಮಡಿಕೆಗೆ ಹೋಯ್ತು, ಆ ಹಂದಿ ಹೋಗಿದ್ದು ಅದಕ್ಕೇ ಆಯ್ತಲ್ಲ ಅಂತ ತುಂಬ ದಿನ ಸಂಕಟ ಇತ್ತು. ಆದ್ರೆ ಮಾರನೇ ವಾರದಿಂದ ಟ್ಯೂಬು ಕಟ್ಟೋ ರೀತಿಯನ್ನೇ ಬದಲಾಯಿಸಿದ್ವಿ. ಹಂದಿ ಕಲಿಸೋದು ಇಂಥದ್ದನ್ನ. ಜ್ಯೂರಿಕ್‌ನವರ ಮಶೀನಲ್ಲಿ ಉಸಿರಾಡುವಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಆಡಿದ ಹಾಗೆ ಲಿವರನ್ನ ಆಡಿಸೋ ವ್ಯವಸ್ಥೆ ಇದೆ, ಒಂದೇ ಜಾಗದಲ್ಲಿ ಅಲುಗದೆ ಬಿದ್ದಿದ್ರೆ ಒತ್ತಿದ ಕಡೆ ಸಾಯುತ್ತೆ, ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾದ ಹಾಗೆ.

ಇತಿಹಾಸ ನೋಡಿದ್ರೂ ಇದೇ. ಬ್ರಿಟನ್ನಿನ ಸಂಶೋಧಕರು ಹಂದಿ ಲಿವರನ್ನ 72 ಗಂಟೆ ಓಡಿಸಿ ವರದಿ ಮಾಡಿದ್ದು 2002ರಲ್ಲಿ. ಹೀಗೆ ಬೆಚ್ಚಗೆ ಇಟ್ಟ ಲಿವರನ್ನ ಮನುಷ್ಯರಿಗೆ ಮೊದಲು ಹಾಕಿದ್ದು 2013ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ. ನಡುವೆ 11 ವರ್ಷ. 2018ರಲ್ಲಿ 220 ಟ್ರಾನ್ಸ್‌ಪ್ಲಾಂಟ್‌ಗಳ ಫಲಿತಾಂಶ ಬಂತು, ಐಸಲ್ಲಿ ಇಟ್ಟಿದ್ದಕ್ಕಿಂತ ಮಶೀನಲ್ಲಿ ಇಟ್ಟಿದ್ದರಲ್ಲಿ ಲಿವರಿಗಾದ ಪೆಟ್ಟು ಅರ್ಧದಷ್ಟು, ಬೇಡ ಅಂತ ಬಿಸಾಕಿದ್ದೂ ಅರ್ಧದಷ್ಟು. ಜ್ಯೂರಿಕ್‌ನಲ್ಲಿ ಬೇರೆಯವರು ಬಿಟ್ಟ 10 ಮನುಷ್ಯರ ಲಿವರನ್ನ ಒಂದು ವಾರ ಓಡಿಸೋಕೆ ನೋಡಿದ್ರು, ಅದರಲ್ಲಿ ಒಂದು ವಾರ ಚೆನ್ನಾಗಿ ಉಳಿದಿದ್ದು 6. ಒಳ್ಳೆ ಮಶೀನೇ, ನಾಲ್ಕು ಹೋದ್ವು.

ಚಿಕ್ಕಪ್ಪ ಸುಮ್ಮನಾಗ್ಲಿಲ್ಲ, "ಹಂಗಾದ್ರೆ ಮಶೀನಲ್ಲಿಟ್ಟು ನೋಡಿ ಆಮೇಲೆ ಬೇಡ ಅನ್ನಬಹುದಿತ್ತಲ್ಲ" ಅಂದ್ರು. ಇದು ಸರಿಯಾದ ಪ್ರಶ್ನೆ, ಮಶೀನು ಇದ್ದಲ್ಲಿ ಮಾಡ್ತಾರೆ ಕೂಡ. ಬರ್ಮಿಂಗ್‌ಹ್ಯಾಮಿನಲ್ಲಿ ಹೀಗೆ ಯಾರೂ ಬೇಡ ಅಂದ 31 ಲಿವರನ್ನ ಓಡಿಸಿ, ನಾಲ್ಕು ಗಂಟೆಯೊಳಗೆ ಲ್ಯಾಕ್ಟೇಟ್ ಇಳಿಸಿದವನ್ನ ಆರಿಸಿ, 22 ಜನಕ್ಕೆ ಹಾಕಿದ್ರು, ಮೂರು ತಿಂಗಳಿಗೆ 22 ಜನವೂ ಬದುಕಿದ್ರು. ಆದ್ರೆ ಅದರಲ್ಲಿ 4 ಜನಕ್ಕೆ ಆಮೇಲೆ ಪಿತ್ತನಾಳ ಕಿರಿದಾಗಿ ಇನ್ನೊಂದು ಲಿವರೇ ಬೇಕಾಯ್ತು. ಪಿತ್ತನಾಳಕ್ಕೆ ರಕ್ತ ಬರೋದು ಆರ್ಟರಿಯಿಂದ ಮಾತ್ರ, ಲಿವರ್ ಎದ್ದು ಕೂತರೂ ಅದು ಏಳದೇ ಇರಬಹುದು, ಲ್ಯಾಕ್ಟೇಟ್ ಅದನ್ನ ಹೇಳಲ್ಲ. ಅದಕ್ಕೇ ಈಗ ಪಿತ್ತದ ಪಿಎಚ್, ಅಂದ್ರೆ ಹುಳಿ ಎಷ್ಟಿದೆ ಅನ್ನೋದನ್ನೂ ನೋಡ್ತಾರೆ. ಈ ಥರದ್ದನ್ನ ಲ್ಯಾಬಿನ ದೊಡ್ಡ ಇಲಿಯಲ್ಲಿ (rat) ಕಲಿಯೋಕೆ ಹೋದ್ರೆ ಅದಕ್ಕೆ ಪಿತ್ತಕೋಶವೇ ಇಲ್ಲ, ಹಂದಿಗೆ ಇದೆ. ಹಂದಿಯೂ ದಾರಿ ತಪ್ಪಿಸಿದ್ದಿದೆ, 1969ರಲ್ಲಿ ಕೇಂಬ್ರಿಡ್ಜಿನ ಸರ್ಜನ್ ರಾಯ್ ಕಾನ್ (Calne) ಒಂದು ಹಂದಿ ಲಿವರನ್ನ ಇನ್ನೊಂದು ಹಂದಿಗೆ ಹಾಕಿದಾಗ ಔಷಧಿಯೇ ಇಲ್ಲದೆ ಎಷ್ಟೋ ಹಂದಿಗಳ ಮೈ ಅದನ್ನ ಒಪ್ಪಿಕೊಂಡುಬಿಡ್ತು. ಅದನ್ನೇ ನಂಬಿ ಮನುಷ್ಯರಿಗೆ ಔಷಧಿ ಕೊಡದೇ ಬಿಟ್ಟಿದ್ರೆ ಏನಾಗ್ತಿತ್ತು ಯೋಚಿಸಿ.

ಕೊಬ್ಬಿನ ವಿಷಯಕ್ಕೆ ಬಂದ್ರೆ, ಮಶೀನಲ್ಲಿಟ್ಟು ಕೊಬ್ಬು ಇಳಿಸೋ ಪ್ರಯತ್ನ ಲ್ಯಾಬುಗಳಲ್ಲಿ ನಡೀತಿದೆ, ಇನ್ನೂ ದಿನನಿತ್ಯದ ಚಿಕಿತ್ಸೆ ಆಗಿಲ್ಲ. ಆವತ್ತಿನ ಲಿವರ್ ಬಗ್ಗೆ ಸರ್ಜನ್ ತಗೊಂಡ ನಿರ್ಧಾರ ತಪ್ಪಾ ಸರಿಯಾ ಅಂತ ಬಯಾಪ್ಸಿ ನೋಡದ ನಾನು ಇಲ್ಲಿ ಕೂತು ಹೇಳಲ್ಲ. ಭಾರತದಲ್ಲಿ ಹೆಚ್ಚಿನ ಲಿವರ್ ಟ್ರಾನ್ಸ್‌ಪ್ಲಾಂಟ್ ಮನೆಯವರೇ ಕೊಟ್ಟ ತುಂಡಿಂದ ಆಗೋದು, ಪಕ್ಕದ ಥಿಯೇಟರಿಂದ ತಂದು ಹಾಕೋದಕ್ಕೆ ಮೂರು ದಿನ ಇಡೋ ಮಶೀನ್ ಯಾಕೆ. ಮನೆಯವರು ಯಾರಾದ್ರೂ ಕೊಡಬಹುದಾ ಅಂತ ಡಾಕ್ಟರ್ ಹತ್ರ ಕೇಳಿ ಅಂದೆ ಚಿಕ್ಕಪ್ಪನಿಗೆ.

ಕೇಳಿದಾರೆ. ಅಳಿಯನಿಗೆ ಹೆಂಡತಿಯೇ, ಅಂದ್ರೆ ನನ್ನ ತಂಗಿಯೇ, ಕೊಡ್ತೀನಿ ಅಂತ ಮುಂದೆ ಬಂದ್ಲು, ಬ್ಲಡ್ ಗ್ರೂಪ್ ಹೊಂದ್ತು, ಸ್ಕ್ಯಾನಲ್ಲಿ ಅವಳ ಲಿವರಲ್ಲೂ ಕೊಬ್ಬು ಕಾಣ್ತು. ಜೀವಂತ ಮೈಯಲ್ಲಿರೋ ಲಿವರಾದ್ರಿಂದ ಅದಕ್ಕೆ ದಾರಿ ಇದೆ, ತೂಕ ಇಳಿಸಿ ಬಾ, ಆಮೇಲೆ ಮತ್ತೆ ನೋಡೋಣ ಅಂದಿದಾರೆ. ದಿನಾ ಬೆಳಿಗ್ಗೆ ಐದಕ್ಕೆದ್ದು ಅಮಾನಿಕೆರೆ ಸುತ್ತ ನಡೀತಾಳೆ. ಮೊನ್ನೆ ಮೆಸೇಜ್ ಮಾಡಿದ್ಲು, "ಅಕ್ಕಾ, ಮೂರು ಕೆಜಿ ಇಳಿದಿದೀನಿ, ಇನ್ನೂ ನಾಲ್ಕು ಇಳೀಬೇಕಂತೆ."