ಮಾಡಿಫೈ ಮಾಡಿದ ಆಂಪ್ ನಿಜಕ್ಕೂ ಚೆನ್ನಾಗಿದೆಯಾ? ಹೋಲಿಸುವ ಮುನ್ನ ಓದಿ

ಬೆಳಗಾವಿಯಲ್ಲಿ ಆಡಿಯೊ ಎಲೆಕ್ಟ್ರಾನಿಕ್ಸ್ ಕಲಿಯುತ್ತಿರುವ ನಮ್ಮಲ್ಲಿ ಈ ವಾದ ಮುಗಿಯುವುದೇ ಇಲ್ಲ. ದುಬಾರಿ ಆಂಪ್ಲಿಫೈಯರ್‌ನ ಕೆಪಾಸಿಟರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗ), ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಪುಟ್ಟ ಚಿಪ್) ಬದಲಿಸಿದರೆ ದನಿ ಸುಧಾರಿಸುತ್ತದಾ? ಕೆಲವೊಮ್ಮೆ ಹೌದು. ಆದರೆ ಬಹಳ ಸಲ ನಾವು ಕೇಳುವ ವ್ಯತ್ಯಾಸಕ್ಕೆ ಕಾರಣ ಬೇರೆಯೇ ಇರುತ್ತದೆ.

ಮೊದಲ ಅನುಮಾನ ವಾಲ್ಯೂಮ್ ಮೇಲೆ. ಅರ್ಧ ಡೆಸಿಬಲ್ ಜಾಸ್ತಿ ಇದ್ದರೆ ಕಿವಿಗೆ ‘ಜೋರು’ ಅನಿಸುವುದಿಲ್ಲ, ‘ಚೆನ್ನಾಗಿದೆ’ ಅನಿಸುತ್ತದೆ. ಹಾಗಾಗಿ 400 ಹರ್ಟ್ಜ್‌ನ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಅಗ್ಗದ ಮೀಟರ್‌ಗಳನ್ನು ನಂಬುವುದು ಕಷ್ಟ. ಒಂದು ಆಂಪ್ 2.00 ವೋಲ್ಟ್ ತೋರಿಸಿದರೆ ಇನ್ನೊಂದು 1.98ರಿಂದ 2.02ರ ಒಳಗಿರಲಿ. ಅಂದರೆ ವ್ಯತ್ಯಾಸ 0.1 ಡೆಸಿಬಲ್‌ಗಿಂತ ಕಡಿಮೆ. ಇದನ್ನು ಬಿಟ್ಟು ಮಾಡಿದ ಹೋಲಿಕೆಗೆ ನಾನಂತೂ ಬೆಲೆ ಕೊಡುವುದಿಲ್ಲ.

ಎರಡನೆಯದು ವಯಸ್ಸು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗಿನ ದ್ರವ ಬಿಸಿಗೆ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರ್‌ನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ವರ್ಷ ಓಡಿದ ಸ್ಟಾಕ್ ಆಂಪ್ (ಏನೂ ಬದಲಿಸದೆ ಕಂಪನಿಯಿಂದ ಬಂದಂತೆಯೇ ಇರುವುದು) ಪಕ್ಕದಲ್ಲಿ ಹೊಸ ಕೆಪಾಸಿಟರ್ ಹಾಕಿದ್ದನ್ನು ಇಟ್ಟರೆ ನೀವು ಹೋಲಿಸುತ್ತಿರುವುದು ಹಳತನ್ನು ಹೊಸದರ ಜತೆ, ಅಲ್ವಾ? ಸ್ಟಾಕ್ ಆಂಪ್‌ಗೂ ಕಂಪನಿ ಹೇಳಿದ ಮೈಕ್ರೊಫ್ಯಾರಡ್ ಅಳತೆಯದೇ ಹೊಸ ಕೆಪಾಸಿಟರ್ ಹಾಕಿ, ಆಮೇಲೆ ಕೇಳಿ.

ಈಗ ಲೆಕ್ಕ. ಸಿಗ್ನಲ್ ದಾರಿಯ 10 ಮೈಕ್ರೊಫ್ಯಾರಡ್ ಎಲೆಕ್ಟ್ರೋಲಿಟಿಕ್ ತೆಗೆದು 1 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕುವುದು ಸಾಮಾನ್ಯ. ಮುಂದಿನ ಹಂತದ ರೆಸಿಸ್ಟೆನ್ಸ್ 10 ಕಿಲೊಓಮ್ ಇದ್ದರೆ ಕಟ್ಆಫ್, ಅಂದರೆ ಯಾವ ಫ್ರೀಕ್ವೆನ್ಸಿಯ ಕೆಳಗೆ ದನಿ ಬೇಗ ಕುಗ್ಗುತ್ತದೋ ಅದು, 1.6 ಹರ್ಟ್ಜ್‌ನಿಂದ 16ಕ್ಕೆ ಏರುತ್ತದೆ. ಹೊಸ ಕೆಪಾಸಿಟರ್‌ನಲ್ಲಿ 20 ಹರ್ಟ್ಜ್ ದನಿ ಸುಮಾರು 2 ಡೆಸಿಬಲ್ ಇಳಿಯುತ್ತದೆ, 40ರಲ್ಲಿ 0.6, 80ರಲ್ಲಿ 0.2ಕ್ಕೂ ಕಡಿಮೆ. ತಬಲಾದ ಡಗ್ಗಾ ಕೇಳುವವರಿಗೆ ಏನೂ ಗೊತ್ತಾಗದು. ಸಿನಿಮಾ ಹಾಡಿನ ಸಿಂಥ್ ಬಾಸ್ ಸ್ವಲ್ಪ ತೆಳ್ಳಗಾಗಬಹುದು. ಅದನ್ನು ‘ಕ್ಲೀನ್ ಆಯ್ತು’ ಅಂತ ಹೊಗಳುವವರಿದ್ದಾರೆ. ನಿಜದಲ್ಲಿ ಬಾಸ್ ಕಡಿಮೆಯಾಗಿದೆ, ಅಷ್ಟೇ.

ಕೇಳಲು ಯಾವ ಸಂಗೀತ? ನನ್ನ ಆಯ್ಕೆ ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರದು. ಅವರ ದನಿ ನಿಂತಾಗಲೂ ತಂಬೂರಿ ಮುಂದುವರಿಯುತ್ತದೆ. ಅದರ ಜವಾರಿಯ (ತಂತಿಗಳು ಕೂರುವ ಕುದುರೆಯ) ಝೇಂಕಾರ ಹೆಚ್ಚು ಕಮ್ಮಿ ಒಂದೇ ತರ ಇರುವುದರಿಂದ ಮೇಲಿನ ಫ್ರೀಕ್ವೆನ್ಸಿಯ ದನಿಯಲ್ಲಿ ಏನಾದರೂ ಬದಲಾದರೆ ಬೇಗ ಸಿಕ್ಕಿಬೀಳುತ್ತದೆ.

ಯಾವ ಆಂಪ್ ಓಡುತ್ತಿದೆ ಅನ್ನುವುದು ಮಾತ್ರ ನಿಮಗೆ ಗೊತ್ತಿರಬಾರದು. ಎ, ಬಿ ಎರಡನ್ನೂ ಕೇಳಿಸಿ, ಆಮೇಲೆ ಎಕ್ಸ್ ಅಂತ ಅವೆರಡರಲ್ಲಿ ಒಂದನ್ನು ಹಾಕಿ ‘ಇದು ಯಾವುದು?’ ಅಂತ ಕೇಳುವ ಪದ್ಧತಿಯನ್ನು 1950ರಲ್ಲಿ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್ ವಿವರಿಸಿದ್ದರು. ಗೆಳೆಯರೊಬ್ಬರು ನಾಣ್ಯ ಚಿಮ್ಮಿ, ಮರೆಯಲ್ಲಿ ನಿಂತು ಬದಲಿಸಲಿ. ಹತ್ತರಲ್ಲಿ ಒಂಬತ್ತೋ ಹತ್ತೋ ಸರಿ ಬಂದರೆ ನಂಬಬಹುದು. ಸುಮ್ನೆ ಊಹಿಸಿದರೆ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಏಳು ಬಂದರೆ ಸಾಲದು, ಊಹೆಯಲ್ಲೂ ಏಳಾಗುತ್ತದೆ.

ಆಪ್-ಆಂಪ್ ಬದಲಿಸುವವರಿಗೆ ಒಂದು ಮಾತು. ಎನ್‌ಇ5532 ಅನ್ನುವ ಆಪ್-ಆಂಪ್ ಜಾಗದಲ್ಲಿ ಅದಕ್ಕಿಂತ ವೇಗದ ಚಿಪ್ ಕೂರಿಸಿದರೆ ಅದು ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗಬಹುದು, ಅಂದರೆ ಸಿಗ್ನಲ್ ಇಲ್ಲದೆಯೂ ತಾನಾಗಿ ಕಂಪಿಸಬಹುದು. ಪವರ್ ಪಿನ್‌ಗಳ ಹತ್ತಿರವೇ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಇದೆಯಾ ನೋಡಿ, ಕಾಲೇಜಿನ ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್ ಹಚ್ಚಿ ಪರೀಕ್ಷಿಸಿ. ಐಸಿಯನ್ನು ನೇರವಾಗಿ ಬೆಸೆಯಬೇಡಿ, 8 ಪಿನ್ ಸಾಕೆಟ್ ಹಾಕಿ. ತೆಗೆದ ಹಳೆಯ ಚಿಪ್ ಜೋಪಾನವಾಗಿಟ್ಟರೆ ಯಾವಾಗ ಬೇಕಾದರೂ ಮತ್ತೆ ಹೋಲಿಸಬಹುದು.